ಉಪ್ಪು ಬೆರೆಸಿದ ಐಸು

ನನ್ನ ಅಕ್ಕ ಚಹಾದ ಲೋಟ ಕೈಗೆ ತೆಗೆದುಕೊಂಡರೆ ಕೂಡಲೇ ಕುಡಿಯುತ್ತಿರಲಿಲ್ಲ. ಲೋಟವನ್ನು ಬೆಳಕಿನ ಕಡೆ ತಿರುಗಿಸಿ, ಸ್ವಲ್ಪ ಓರೆ ಮಾಡಿ, ಅಂಚಿನಲ್ಲಿ ಹಾಲು ಒಡೆದಿದೆಯೇ ಎಂದು ನೋಡುತ್ತಿದ್ದಳು. ಹಾಲು ಕೆಟ್ಟದ್ದು ನಮಗೆಲ್ಲ ನಾಲಗೆಗೆ ತಾಗಿದ ಮೇಲೆ ಗೊತ್ತಾಗುವುದು. ಅವಳಿಗೆ ಲೋಟ ಓರೆಯಾದಾಗಲೇ ಗೊತ್ತಾಗುತ್ತಿತ್ತು. ಮದುವೆ ಮನೆಯ ಪಾಯಸವನ್ನೂ ಹೀಗೆ ನೋಡಿ ಬಡಿಸುವವರು ಹೆದರುವ ಹಾಗೆ ಮಾಡಿದ್ದುಂಟು. "ನಿನ್ನಕ್ಕನ ಎದ್ರ್ ಊಟಕ್ಕೆ ಕೂತ್ರೆ ಪರೀಕ್ಷೆಗೆ ಕೂತಾಂಗ್ ಆತ್ತ್ ಮಾರಾಯಾ" ಎಂದು ಭಾವ ನನ್ನಲ್ಲಿ ಹೇಳುತ್ತಿದ್ದರು.

ಅದು ಅವಳ ಕೆಲಸದಿಂದ ಬಂದ ಅಭ್ಯಾಸ. ಕುಂದಾಪುರದಲ್ಲಿ ಒಂದು ಕಟ್ಟಡದ ಮಹಡಿಯ ಮೇಲಿದ್ದ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದಳು. ಬಸ್ರೂರಿನ ಗಂಡನ ಮನೆಯಿಂದ ಬೆಳಗಿನ ಬಸ್ಸಿಗೆ ಬಂದು, ಸಂಜೆಯ ಬಸ್ಸಿಗೆ ಹಿಂದೆ ಹೋಗುವುದು. ನಾನು ಹಂಗಾರಕಟ್ಟೆಯ ಮನೆಯಲ್ಲೇ ಉಳಿದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮೊದಲು ದೋಣಿಗೆ ಹೋಗಿ, ಆಮೇಲೆ ಟೆಂಪೋ ಇಟ್ಟುಕೊಂಡು ಮೀನು ಸಾಗಿಸುತ್ತ ಬಂದವನು.

ಅವಳ ಹೆಸರನ್ನು ನಾನು ಬರೆಯುವುದಿಲ್ಲ. ಅವಳು ಮಾಡಿದ ರಿಪೋರ್ಟುಗಳ ಮೇಲೂ ಅವಳ ಹೆಸರು ಇರುತ್ತಿರಲಿಲ್ಲ, ಡಾಕ್ಟರ ಸಹಿ ಇರುತ್ತಿತ್ತು. ಕೆಳಗಿನ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಗೀಟು ಎಳೆದಿರುತ್ತಿದ್ದಳು. ತಾನೇ ಕಣ್ಣಾರೆ ನೋಡಿದ್ದೇನೆ ಎಂಬ ಗುರುತು ಅದು. ಊರಿನ ಡಾಕ್ಟರುಗಳಿಗೆ ಆ ಗೀಟಿನ ಬೆಲೆ ತಿಳಿದಿತ್ತು. "ಅಕ್ಕ ನೋಡಿದ್ದಾ? ಹಾಗಾದ್ರೆ ಸರಿ" ಎಂದು ಅವರು ಮುಂದಿನ ಔಷಧಿ ಬರೆಯುತ್ತಿದ್ದರು. ಆ ಗೀಟನ್ನು ಎಳೆಯುವ ಧೈರ್ಯ ಒಂದು ದಿನ ಅವಳ ಕೈಯಿಂದ ಹೋಯಿತು. ಹೋದದ್ದು ನನ್ನಿಂದ. ಅವಳು ತೀರಿಹೋಗಿ ಆರು ತಿಂಗಳಾಯಿತು, ಅವಳಿಗೆ ಇದನ್ನು ಹೇಳಲು ನನ್ನಿಂದ ಆಗಲಿಲ್ಲ.

ಸೂಜಿ ಚುಚ್ಚುವಾಗ ಅವಳು ಮಾತಾಡುವ ರೀತಿಯೇ ಬೇರೆ. ಬೋಟಿಗೆ ಹೋಗುವ ಗಂಡಸರು, ತೋಳು ಕಂಬದ ಹಾಗಿರುವವರು, ಸೂಜಿ ಕಂಡ ಕೂಡಲೇ ಮುಖ ತಿರುಗಿಸಿ ಕೂರುತ್ತಿದ್ದರು. "ಹ್ವಾಯ್, ಕಡ್ಲಗೆ ಅಷ್ಟ್ ದೊಡ್ಡ ತೆರಿ ಕಂಡ್ಕಂಡ್ ಬತ್ರಿ, ಇಷ್ಟ್ ಸಣ್ ಸೂಜಿಗೆ ಕಣ್ ಮುಚ್ಚೂದಾ?" ಎನ್ನುತ್ತಿದ್ದಳು. ಅವರು ನಗುವಷ್ಟರಲ್ಲಿ ರಕ್ತ ತೆಗೆದು ಆಗಿರುತ್ತಿತ್ತು. ಒಬ್ಬ ಅಜ್ಜಿ ಪ್ರತಿ ಸಲವೂ "ಇಷ್ಟ್ ರಕ್ತ ತೆಗ್ದ್ ಎಂತ ಮಾಡ್ತ್ರಿ ಮಗಾ, ಮಾರ್ತ್ರಿಯಾ?" ಎಂದು ಕೇಳುತ್ತಿತ್ತಂತೆ. "ಹೌದ್ ಅಜ್ಜಿ, ನಿಮ್ದಕ್ಕೆ ಲಾಯ್ಕ್ ಬೆಲೆ ಇತ್ತ್" ಎಂದು ಇವಳು ಹೇಳುತ್ತಿದ್ದಳು.

ಅಂದಾಜಿನ ಮಾತು ಅವಳಿಗೆ ಆಗುತ್ತಿರಲಿಲ್ಲ. ಈ ಸಲ ಸುಮಾರು ಬಂಗುಡೆ ಬಂದಿದೆ ಎಂದರೆ, "ಸುಮಾರ್ ಅಂದ್ರೆ ಎಷ್ಟ್ ಬುಟ್ಟಿ?" ಎಂದು ಕೇಳುವಳು. ಲ್ಯಾಬಿನ ಗೋಡೆಯಲ್ಲಿ ಗಡಿಯಾರವಿದ್ದರೂ ಎರಡು ನಿಮಿಷ ಎಂದರೆ ಅವಳು ತುಟಿಯಲ್ಲೇ ಎಣಿಸುತ್ತಿದ್ದಳು. ಮನೆಯಲ್ಲಿ ಮೊಟ್ಟೆ ಬೇಯಿಸುವಾಗಲೂ ಆ ಎಣಿಕೆಯೇ. ನಡುವೆ ಯಾರು ಮಾತಾಡಿಸಿದರೂ ಉತ್ತರವಿಲ್ಲ, ಕೈ ಮಾತ್ರ ಎತ್ತುವಳು.

ಅವಳದೊಂದು ಪುಸ್ತಕವಿತ್ತು. ಉದ್ದದ ನೋಟ್‌ಬುಕ್ಕು, ಮೇಲೆ ಕಂದು ಕಾಗದದ ಹೊದಿಕೆ. ಲ್ಯಾಬಿನಲ್ಲಿ ಯಾವ ತಪ್ಪಾದರೂ ಅದರಲ್ಲಿ ಬರೆಯುವಳು. ಗೀಟು ಹಾಕಿ ನಾಲ್ಕು ಮನೆ ಮಾಡಿದ್ದಳು: ದಿನ, ಏನಾಯಿತು, ಕಾರಣ, ಇನ್ನು ಮುಂದೆ. "ಬೇರೆಯವ್ರ್ ತಪ್ಪ್ ಮುಚ್ಚಿಡ್ತ್ರ್, ನೀನ್ ಹೊದಿಕೆ ಹಾಕಿ ಇಟ್ಕಂತೆ" ಎಂದು ನಾನು ತಮಾಷೆ ಮಾಡಿದ್ದೆ. ಅವಳು ಹೇಳಿದ್ದು ನೆನಪಿದೆ: "ಕಾರಣ ಗೊತ್ತಾದ್ ತಪ್ಪ್ ಹೊರ್ಗ್ ಹೋಯ್ತ್ ಅಂದೇಳಿ. ಕಾರಣ ಗೊತ್ತಾಯ್ದೇ ಇದ್ದದ್ ಇನ್ನೂ ಒಳ್ಗೇ ಇತ್ತ್. ಅದ್ಕೇ ಆ ಮನಿ ಖಾಲಿ ಬಿಡೂಕಾಗ."

ಒಂದು ದಿನ ನನ್ನ ಟೆಂಪೋ ಕುಂದಾಪುರದಲ್ಲಿ ಕೆಟ್ಟು ನಿಂತಿತ್ತು. ಮೆಕ್ಯಾನಿಕ್ ಬರುವವರೆಗೆ ಲ್ಯಾಬಿನಲ್ಲಿ ಕೂತೆ. ಮೀನಿನ ವಾಸನೆಯವನು ಎಂದು ಬಾಗಿಲಲ್ಲೇ ಸ್ಟೂಲು ಹಾಕಿ ಕೂರಿಸಿದ್ದಳು. ಆಗ ಅವಳು ಫ್ರಿಜ್ಜಿನಿಂದ ಹೆಬ್ಬೆರಳಷ್ಟು ದೊಡ್ಡ ಬಾಟ್ಲಿಯೊಂದನ್ನು ತೆಗೆದು ನಿಧಾನವಾಗಿ ಅಲ್ಲಾಡಿಸಿದಳು. ಒಳಗೆ ಹಾಲಿನಂಥದ್ದು.

"ಕಾಣ್, ಇದ್ ಹಾಲಲ್ಲ. ಕಣ್ಣಿಗ್ ಕಾಣದ ಸಣ್ ಸಣ್ ಗುಂಡ್. ಒಂದೊಂದ್ ಗುಂಡಿನ ಮೈ ತುಂಬ ಕೈ."

"ಎಂತ ಕೈ?"

"ಆಂಟಿಬಾಡಿ ಅಂದೇಳಿ ಹೇಳ್ತ್ರ್. ಅದ್ ಒಂದನ್ನೇ ಹಿಡಿತ್ತ್. ಬೇರೆ ಎಂತದನ್ನೂ ಮುಟ್ಟೂದಿಲ್ಲೆ."

ಮೈಯೊಳಗೆ ಎಲ್ಲಾದರೂ ಉರಿಯೂತ ಆದರೆ ಲಿವರು ಒಂದು ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದಂತೆ. ಅದಕ್ಕೆ ಸಿ.ಆರ್.ಪಿ. ಎಂದು ಹೆಸರು. ಈ ಕೈಗಳು ಹುಡುಕುವುದು ಅದನ್ನೇ. ಕಪ್ಪು ಬಣ್ಣದ ಗಾಜಿನ ಮೇಲೆ ಸುತ್ತು ಸುತ್ತಾಗಿ ಗುರುತು ಮಾಡಿರುತ್ತಾರೆ. ಸುತ್ತಿನೊಳಗೆ ರಕ್ತದ ತಿಳಿ ಒಂದು ಹನಿ, ಮೇಲೆ ಈ ಹಾಲು ಒಂದು ಹನಿ. ಕಡ್ಡಿಯಿಂದ ಕಲಸಿ, ಗಾಜನ್ನು ಹಿಡಿದು ತೊಟ್ಟಿಲಿನ ಹಾಗೆ ತೂಗಬೇಕು. ರಕ್ತದಲ್ಲಿ ಆ ಪ್ರೋಟೀನು ಹೆಚ್ಚಿದ್ದರೆ ಕೈಗಳು ಅದನ್ನು ಹಿಡಿದು, ಗುಂಡುಗಳು ಒಂದಕ್ಕೊಂದು ಅಂಟಿ, ಎರಡು ನಿಮಿಷದೊಳಗೆ ಹಾಲು ಒಡೆಯುತ್ತದೆ. ಇಲ್ಲದಿದ್ದರೆ ಹಾಲು ಹಾಲಾಗಿಯೇ ಇರುತ್ತದೆ.

"ಅಂದ್ರೆ ಒಂದೇ ಜಾತಿ ಮೀನ್ ಸಿಕ್ಕೂ ಗಾಳ" ಎಂದೆ.

ಅವಳು ತೂಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನಿನ್ನ ಏಳ್ನೇ ಕ್ಲಾಸಿಗೆ ಶಾಲಿ ಬಿಡ್ಸಿದ್ ಯಾರ್ ಮಾರಾಯಾ?"

"ನಾನೇ ಬಿಟ್ಟದ್."

"ಹೌದಲ್ದಾ. ನಾನ್ ಎರಡ್ ದಿನ ಉಪಾಸ ಕೂತಿದ್ದೆ, ನೀನ್ ದೋಣಿ ಹತ್ತಿ ಹೋಯ್ದೆ." ನಗುತ್ತಲೇ ಹೇಳಿದಳು. ಆಮೇಲೆ ಗಾಜನ್ನು ಓರೆ ಮಾಡಿ ತೋರಿಸಿದಳು. "ಎಲ್ಲ್ ಉರಿತ್ತ್ ಅಂದೇಳಿ ಇದ್ ಹೇಳೂದಿಲ್ಲೆ. ಒಳ್ಗ್ ಉರಿತ್ತ್ ಅಂದೇಳಿ ಮಾತ್ರ ಹೇಳತ್ತ್."

ಗಾಜಿನ ಮೊದಲ ಎರಡು ಸುತ್ತುಗಳಲ್ಲಿ ಅವಳು ರೋಗಿಯ ರಕ್ತ ಹಾಕುತ್ತಿರಲಿಲ್ಲ. ಕಂಪೆನಿಯವರು ಬಾಟ್ಲಿಯ ಜೊತೆಗೇ ಎರಡು ಪುಟ್ಟ ಶೀಷೆ ಕಳಿಸುತ್ತಾರೆ. ಒಂದರ ಹನಿ ಬಿದ್ದರೆ ಹಾಲು ಒಡೆಯಲೇಬೇಕು, ಇನ್ನೊಂದರದು ಬಿದ್ದರೆ ಒಡೆಯಲೇಬಾರದು. ಇವು ಅವಳ ಭಾಷೆಯಲ್ಲಿ ಎರಡು ಸಾಕ್ಷಿ. ಎರಡು ಸಾಕ್ಷಿ ಕೂರಿಸಿದ ಮೇಲೆಯೇ ಮೂರನೆಯವರ ಮಾತು ಕೇಳುವುದು ಎಂಬುದು ಅವಳ ನಿಯಮ. ಬೇರೆಯವರು ವಾರಕ್ಕೊಮ್ಮೆ ಮಾಡುವುದನ್ನು ಅವಳು ಪ್ರತಿ ಸಲವೂ ಮಾಡುತ್ತಿದ್ದಳು.

ಈ ಬಾಟ್ಲಿಗಳು ಬ್ರಹ್ಮಾವರದ ಒಬ್ಬ ಏಜೆಂಟರ ಅಂಗಡಿಗೆ ಬರುತ್ತಿದ್ದವು. ನಾನು ದಿನಾ ಬೆಳಿಗ್ಗೆ ಹಂಗಾರಕಟ್ಟೆಯಿಂದ ಮೀನು ತುಂಬಿಸಿ, ಬ್ರಹ್ಮಾವರಕ್ಕೆ ಬಂದು ಹೆದ್ದಾರಿ ಹಿಡಿದು, ಕುಂದಾಪುರ, ತಲ್ಲೂರು ದಾಟಿ ಬೈಂದೂರಿಗೆ ಹೋಗುವವನು. ದಾರಿಯಲ್ಲೇ ಇದ್ದೇನಲ್ಲ ಎಂದು ತರುವ ಕೆಲಸ ನನಗೆ ಬಂತು. ಲ್ಯಾಬಿನ ಯಜಮಾನರಿಗೆ ಇದು ಸರಿ ಕಂಡಿರಲಿಲ್ಲ. ಮೀನಿನ ಗಾಡಿಯಲ್ಲಿ ಇಂಥದ್ದನ್ನು ತರಿಸುವುದು ಬೇಡ ಎಂದರಂತೆ. "ತಣ್ಣಗಿಡುವುದು ಹೇಗೆಂದು ನನ್ನ ತಮ್ಮನಿಗಿಂತ ಚೆನ್ನಾಗಿ ತಿಳಿದವರು ಈ ತಾಲೂಕಿನಲ್ಲಿಲ್ಲ" ಎಂದು ಅಕ್ಕ ಹೇಳಿದಳಂತೆ. ನನಗೆ ಇದನ್ನು ಹೇಳಿದವರು ಯಜಮಾನರೇ. ಆ ಮಾತಿನಿಂದ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಆ ದಿನ ಅಕ್ಕನ ಮನೆಗೆ ಎರಡು ಕೆ.ಜಿ.ಯ ಅಂಜಲ್ ಮೀನು ಕೊಟ್ಟು ಬಂದೆ.

ಮೊದಲ ದಿನವೇ ಅವಳು ನನ್ನನ್ನು ನಿಲ್ಲಿಸಿ ಹೇಳಿದ್ದಳು. "ತಣ್ಣಗೆ ಇರ್ಕ್. ಆರೆ ಗಟ್ಟಿ ಆಪುಕಾಗ. ಐಸಿಗೆ ಮುಟ್ಸೂದೇ ಬ್ಯಾಡ. ಅವ್ರ್ ಡಬ್ಬಿಯಗೆ ಇಟ್ಟ್ ಕೊಟ್ಟದ್ ಹಾಂಗೇ ತಂದ್ರ್ ಸಾಕ್. ತಿಳಿತಾ?"

ತಿಳಿಯಿತು ಎಂದೆ. ನಿಜವಾಗಿ ತಿಳಿದಿರಲಿಲ್ಲ. ನಮ್ಮ ಕಸುಬಿನಲ್ಲಿ ತಂಪು ಹೆಚ್ಚಾಯಿತು ಎಂಬ ಮಾತೇ ಇಲ್ಲ. ಕಡಿಮೆಯಾದರೆ ಮಾತ್ರ ಮೀನು ಹೋಗುತ್ತದೆ. ದೂರಕ್ಕೆ ಹೋಗುವ ಅಂಜಲ್ಲಿಗೆ ನಾವು ಪುಡಿ ಐಸಿನಲ್ಲಿ ಕಲ್ಲುಪ್ಪು ಬೆರೆಸಿ ಹಾಕುತ್ತೇವೆ. ಬರೀ ಐಸಿಗಿಂತ ಅದರ ತಂಪು ಕಟುವಾದದ್ದು, ಕೈ ಇಟ್ಟರೆ ಬೆರಳು ಜೋಮು ಹಿಡಿಯುತ್ತದೆ. ಮೀನು ಕಲ್ಲಾಗುತ್ತದೆ. ಕರಗಿದ ಮೇಲೆ ಮತ್ತೆ ಮೀನೇ. ತಂಪು ಒಂದು ವಸ್ತುವನ್ನು ಕೆಡಿಸಬಲ್ಲದು ಎಂದು ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ.

ಮೂರು ವರ್ಷ ಸರಿಯಾಗಿ ತಂದೆ. ಆ ವರ್ಷ ಮಳೆ ಕಳೆದು, ಬೋಟುಗಳು ಕಡಲಿಗಿಳಿದು, ಬಿಸಿಲು ಜೋರಾಗಿತ್ತು. ಲ್ಯಾಬಿನಲ್ಲಿ ಬಾಟ್ಲಿ ಮುಗಿದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಏಜೆಂಟರು ಥರ್ಮೋಕೋಲಿನ ಡಬ್ಬಿ ಕೊಟ್ಟರು, ಹತ್ತೂವರೆಗೆ ಕುಂದಾಪುರ ಮುಟ್ಟಿಸಬೇಕಿತ್ತು. ಡಬ್ಬಿಯನ್ನು ಗಾಡಿಯ ಎದುರು ಗಾಜಿನ ಹತ್ತಿರ ಇಟ್ಟು ಹೊರಟೆ. ಅಷ್ಟರಲ್ಲಿ ಹಂಗಾರಕಟ್ಟೆಯಿಂದ ಫೋನು: ಒಂದು ಬೋಟು ತಡವಾಗಿ ಬಂದಿದೆ, ಅಂಜಲ್ ಭರ್ತಿ ಇದೆ, ಬೇಕಾದರೆ ಈಗಲೇ ಬಾ. ನಾನು ಗಾಡಿ ತಿರುಗಿಸಿದೆ.

ಅಲ್ಲಿ ಏಲಂ ಕೂಗು ಮುಗಿದು, ಮೀನು ತುಂಬಿಸಿ, ಐಸು ಹಾಕಿ ಮತ್ತೆ ಗಾಡಿ ಹತ್ತುವಾಗ ಹನ್ನೆರಡು ದಾಟಿತ್ತು. ಮೂರು ಗಂಟೆ ಡಬ್ಬಿ ಬಿಸಿಲಿನಲ್ಲಿತ್ತು. ಮುಚ್ಚಳ ತೆಗೆದು ನೋಡಿದೆ. ಒಳಗಿನ ತಂಪಿನ ಚೀಲಗಳು ನೀರಾಗಿ, ಮುಟ್ಟಿದರೆ ಬೆಚ್ಚಗೆ. ಫೋನಿನಲ್ಲಿ ಅಕ್ಕನ ಐದು ಕಾಲ್ ಬಂದಿದ್ದವು. ಆಗ ಮೀನಿನವನ ಬುದ್ಧಿ ಓಡಿತು. ಒಳಗಿನ ಪೊಟ್ಟಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಉಪ್ಪು ಬೆರೆಸಿದ ಐಸಿನ ಪೆಟ್ಟಿಗೆಯಲ್ಲಿ ಅಂಜಲ್ಲಿನ ನಡುವೆ ಆಳಕ್ಕೆ ಹೂತೆ. ಮೇಲೆ ಇನ್ನೂ ಎರಡು ಹಿಡಿ ಉಪ್ಪು ಎಸೆದೆ.

ತೆಕ್ಕಟ್ಟೆಯ ಹತ್ತಿರ ನಿಲ್ಲಿಸಿ ಹೊರತೆಗೆದೆ. ಬಾಟ್ಲಿ ಅಲ್ಲಾಡಿಸಿದರೆ ಶಬ್ದವಿಲ್ಲ. ಒಳಗಿನ ಹಾಲು ಕಲ್ಲಾಗಿತ್ತು. ಗಟ್ಟಿ ಆಪುಕಾಗ, ಗಟ್ಟಿಯಾಗಲೇಬಾರದು, ಎಂದದ್ದು ಆಗ ನೆನಪಿಗೆ ಬಂತು. ರಸ್ತೆ ಬದಿಯಲ್ಲಿ ನಿಂತು ಬಾಟ್ಲಿಯನ್ನು ಎರಡು ಅಂಗೈಗಳ ನಡುವೆ ಇಟ್ಟು ಉಜ್ಜಿದೆ. ಸ್ವಲ್ಪ ಹೊತ್ತಿಗೆ ಕರಗಿತು. ಮೊದಲಿನ ಹಾಗೇ ಬಿಳಿ, ಮೊದಲಿನ ಹಾಗೇ ನೀರು. ಏನೂ ಆಗಿಲ್ಲ ಎಂದುಕೊಂಡೆ. ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿ ಡಬ್ಬಿಯಲ್ಲಿಟ್ಟು, ತಂಪಿನ ಚೀಲಗಳನ್ನೂ ಸ್ವಲ್ಪ ಹೊತ್ತು ಐಸಿನಲ್ಲಿ ಅದ್ದಿ ಮತ್ತೆ ಮೊದಲಿನಂತೆ ಜೋಡಿಸಿದೆ.

ಲ್ಯಾಬು ಮುಟ್ಟುವಾಗ ಎರಡು ಗಂಟೆ. ಅಕ್ಕ ಮೆಟ್ಟಿಲ ಮೇಲೆಯೇ ನಿಂತಿದ್ದಳು.

"ಬ್ರಹ್ಮಾವರದಿಂದ ನಡ್ಕಂಡ್ ಬಂದ್ಯಾ?"

"ಗಾಡಿ ತೊಂದ್ರೆ ಅಕ್ಕ."

ಅವಳು ಡಬ್ಬಿಯೊಳಗೆ ಕೈಯಿಟ್ಟಳು. ಮುಖ ಸಡಿಲವಾಯಿತು. "ತಡ ಆರೂ ಲಾಯ್ಕ್ ತಣ್ಣಗ್ ತಂದಿದೆ" ಎಂದು ನನ್ನ ಬೆನ್ನು ತಟ್ಟಿ ಒಳಗೆ ಓಡಿದಳು.

ಒಳಗೆ ಬೆಂಚಿನ ಮೇಲೆ ಬೈಂದೂರು ಕಡೆಯ ಒಬ್ಬ ಬಾಣಂತಿ ಬೆಳಗಿನಿಂದ ಕಾಯುತ್ತಿದ್ದಳು. ಹೆರಿಗೆಯಾಗಿ ಹನ್ನೆರಡು ದಿನ, ಜ್ವರ. ಪಕ್ಕದಲ್ಲಿ ಅವಳ ತಾಯಿಯ ಮಡಿಲಲ್ಲಿ ಮಗು. ಅವಳನ್ನು ನೋಡುತ್ತಿದ್ದ ಡಾಕ್ಟರು ಎರಡೂವರೆಗೆ ಎದ್ದು ಹೋಗುವವರಿದ್ದರು. ಮಗು ಅಳುತ್ತಿತ್ತು. "ಅಕ್ಕಾ, ಬೇಗ ಆತ್ತಾ?" ಎಂದು ಬಾಣಂತಿಯ ತಾಯಿ ಕೇಳಿದ್ದು ನನಗೂ ಕೇಳಿಸಿತು. ಆ ಒಂದು ದಿನ ಅಕ್ಕ ಸಾಕ್ಷಿ ಕೂರಿಸಲಿಲ್ಲ. ನೇರ ಬಾಣಂತಿಯ ರಕ್ತವನ್ನೇ ಹಾಕಿದಳು. ಹಾಲು ಒಡೆಯಿತು.

ರಿಪೋರ್ಟು ನೋಡಿದ ಡಾಕ್ಟರು ನಂಜು ಏರಿರಬಹುದು ಎಂದು ಹೆದರಿ ಅವಳನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು. ಅಜ್ಜಿ ಮಗುವನ್ನು ಮನೆಗೆ ಒಯ್ದಳು.

ಮರುದಿನ ಬೆಳಿಗ್ಗೆ ಅಕ್ಕ ಎಂದಿನಂತೆ ಎರಡು ಸಾಕ್ಷಿ ಇಟ್ಟು ನೋಡಿದಾಗ ಎರಡರಲ್ಲೂ ಹಾಲು ಒಡೆಯಿತು. ಒಡೆಯಬಾರದ್ದೂ ಒಡೆಯಿತು. ಹೆಪ್ಪುಗಟ್ಟಿ ಕರಗಿದ ಗುಂಡುಗಳು ಪ್ರೋಟೀನು ಇರಲಿ ಇಲ್ಲದಿರಲಿ ತಾವೇ ಒಂದಕ್ಕೊಂದು ಅಂಟಿಕೊಳ್ಳುತ್ತವಂತೆ. ಇದನ್ನು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವಳು ಆ ಗಳಿಗೆಯಲ್ಲೇ ಡಾಕ್ಟರಿಗೆ ಫೋನು ಮಾಡಿ ಹೇಳಿದಳು: ನಿನ್ನೆಯ ರಿಪೋರ್ಟು ನಂಬಬೇಡಿ, ನನ್ನಿಂದ ತಪ್ಪಾಗಿದೆ. ಒಂದು ನಿಮಿಷವೂ ಕಾಯಲಿಲ್ಲ. ಅದು ಅವಳು.

ಆಮೇಲೆ ನನಗೆ ಫೋನು ಮಾಡಿದಳು. ನಾನು ಬೈಂದೂರಿನಲ್ಲಿ ಮೀನು ಇಳಿಸುತ್ತಿದ್ದೆ.

"ತಮಾ, ನಿನ್ನೆ ಡಬ್ಬಿ ಐಸಿಗೆ ಮುಟ್ಟಿತ್ತಾ?"

ಯಜಮಾನರ ಮುಖ ಕಣ್ಣೆದುರು ಬಂತು. ಅವಳು ನನ್ನ ಬಗ್ಗೆ ಅವರಲ್ಲಿ ಆಡಿದ ಮಾತು ಕಿವಿಗೆ ಬಂತು.

"ಇಲ್ಲೆ ಅಕ್ಕ."

"ಬಿಸ್ಲಗೆ ಇಟ್ಟಿದ್ಯಾ?"

"ಇಲ್ಲೆ."

"ಸಮಾ. ನೀನ್ ಹೇಳ್ರೆ ಆಯ್ತ್" ಎಂದು ಫೋನು ಇಟ್ಟಳು.

ನಾನು ಮಾಡಿದ ತಪ್ಪು ಐಸಿನದ್ದಾಗಿದ್ದರೆ ಇಷ್ಟು ವರ್ಷ ಹೊರಬೇಕಾಗಿರಲಿಲ್ಲ. ಐಸು ನನ್ನ ಅಜ್ಞಾನ. ಈ ಎರಡು "ಇಲ್ಲೆ" ಅಜ್ಞಾನವಲ್ಲ.

ಬಾಣಂತಿಗೆ ಏನೂ ಆಗಿರಲಿಲ್ಲ. ಎದೆಹಾಲು ಕಟ್ಟಿ ಬಂದ ಜ್ವರ ಎಂದು ದೊಡ್ಡಾಸ್ಪತ್ರೆಯವರು ತಾವೇ ಪರೀಕ್ಷೆ ಮಾಡಿ ಮೂರು ದಿನ ಇಟ್ಟುಕೊಂಡು ಕಳಿಸಿದರು. ನಾಲ್ಕನೆಯ ದಿನ ಅವಳ ಗಂಡ ಲ್ಯಾಬಿಗೆ ಬಂದು, ಕಾದಿದ್ದವರೆಲ್ಲರ ಎದುರು ಕೂಗಾಡಿದನಂತೆ. "ಮೂರ್ ದಿನ ನನ್ ಮಗು ಬಾಟ್ಲಿ ಹಾಲ್ ಕುಡ್ದಿತ್. ನಿಮ್ಗ್ ಕಣ್ ಕಾಣತ್ತಾ ಇಲ್ಯಾ?" ಅಕ್ಕ ಕೈಕಟ್ಟಿ ನಿಂತು ಕೇಳಿದಳಂತೆ. ಏಜೆಂಟರೂ ಯಜಮಾನರೂ ತಮ್ಮನ ಗಾಡಿಯ ಮಾತೆತ್ತಿದಾಗ ಮಾತ್ರ ತಲೆಯೆತ್ತಿ, "ಅವನನ್ನು ಕೇಳಿದ್ದೇನೆ. ದಾರಿಯಲ್ಲಿ ಏನೂ ಆಗಿಲ್ಲ" ಎಂದಳಂತೆ.

ದಾರಿಯಲ್ಲಿ ಏನೂ ಆಗಿಲ್ಲವೆಂದರೆ ಆದದ್ದು ಅವಳ ಕೈಯಲ್ಲಿ. ಬೇರೆ ಜಾಗವಿರಲಿಲ್ಲ.

ಯಜಮಾನರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ತನ್ನನ್ನು ತೆಗೆದದ್ದು ಅವಳೇ. ಮೊದಲು ಫ್ರಿಜ್ಜಿನ ಮೇಲೆ ಸಂಶಯ ಬಂತು. ಎರಡು ಸಲ ಮೆಕ್ಯಾನಿಕ್ ಬಂದು ಏನೂ ಇಲ್ಲವೆಂದು ಹೋದ. ದಿನಕ್ಕೆ ನಾಲ್ಕು ಸಲ ಉಷ್ಣಾಂಶ ಬರೆಯತೊಡಗಿದಳು. ಒಂದು ಸಣ್ಣ ಶೀಷೆಯಲ್ಲಿ ನೀರು ಹಾಕಿ, ನೀಲಿ ಶಾಯಿ ಬೆರೆಸಿ, ಬಾಟ್ಲಿಗಳ ಪಕ್ಕದಲ್ಲೇ ಇಟ್ಟಳು. ಫ್ರಿಜ್ಜು ಹೆಪ್ಪುಗಟ್ಟಿಸುತ್ತದೆಯೇ ಎಂದು ಬೆಳಿಗ್ಗೆ ಬಂದ ಕೂಡಲೇ ಅದನ್ನು ಓರೆ ಮಾಡಿ ನೋಡುವುದು. ಅದು ಒಂದು ದಿನವೂ ಗಟ್ಟಿಯಾಗಲಿಲ್ಲ. ಆಗ ಸಂಶಯ ಅವಳ ಮೇಲೆಯೇ ತಿರುಗಿತು. ತಾನೇ ತಪ್ಪಿ ಮೇಲಿನ ಫ್ರೀಜರಿನಲ್ಲಿಟ್ಟು, ಆಮೇಲೆ ಕೆಳಗಿಟ್ಟು, ಮರೆತಿದ್ದೇನೆಯೇ? ಒಂದೇ ರಕ್ತವನ್ನು ಮೂರು ಸಲ ನೋಡುವಳು. ಹಾಲು ಒಡೆದಿದೆಯೋ ಇಲ್ಲವೋ ಎಂದು ತಾನು ಕೆಲಸ ಕಲಿಸುತ್ತಿದ್ದ ಕಿರಿಯವಳನ್ನು ಕರೆದು ತೋರಿಸುವಳು. ರಿಪೋರ್ಟು ತಡವಾಗತೊಡಗಿತು. ಆರು ತಿಂಗಳಿಗೆ ತಾನಾಗಿ ಹೇಳಿ ಹೊರಗಿನ ಕೌಂಟರಿಗೆ ಬಂದು ಕೂತಳು. ಹೆಸರು ಬರೆಯುವುದು, ಚೀಟಿ ಕೊಡುವುದು. ಪೆನ್ಸಿಲಿನ ಗೀಟು ನಿಂತಿತು.

ಚಹಾದ ಲೋಟವನ್ನೂ ಆಮೇಲೆ ಓರೆ ಮಾಡುತ್ತಿರಲಿಲ್ಲ. ಕೊಟ್ಟದ್ದನ್ನು ಕುಡಿಯುತ್ತಿದ್ದಳು. ಭಾವನಿಗೆ ಅದು ನೆಮ್ಮದಿ ಎನಿಸಿರಬಹುದು. ನನಗೆ ಅದನ್ನು ನೋಡಿ ಕೂರಲು ಆಗುತ್ತಿರಲಿಲ್ಲ.

ಹೇಳಬೇಕೆಂದು ಎಷ್ಟು ಸಲ ಹೊರಟಿದ್ದೇನೋ. ಒಂದು ಭಾನುವಾರ ಬಸ್ರೂರಿಗೆ ಅಂಜಲ್ ಒಯ್ದಿದ್ದೆ. ಅವಳು ಹಿತ್ತಲ ಕಲ್ಲಿನ ಮೇಲೆ ಕೂತು ಮೀನು ಕೊಯ್ಯುತ್ತಿದ್ದಳು. "ಅಕ್ಕ, ಆ ದಿನ..." ಎಂದೆ. "ಯಾವ್ ದಿನ?" ಎಂದು ಕತ್ತಿ ನಿಲ್ಲಿಸಿ ನನ್ನನ್ನು ನೋಡಿದಳು. ಆ ಮುಖ ನೋಡಿ, "ಆ ದಿನ ಕೊಟ್ಟ್ ಕಾಣೆ ಮೀನ್ ಲಾಯ್ಕ್ ಇದ್ದಿತ್ತಾ?" ಎಂದು ಮುಗಿಸಿದೆ. ಅವಳು ನಕ್ಕಳು. ಮೀನಿನ ತುಂಡು ಎತ್ತಿ ಮೂಸಿ, "ನಿನ್ ಐಸೇ ಸೈ ಮಾರಾಯಾ. ಮೋಸ ಮಾಡೂದಿಲ್ಲೆ. ನನ್ ಫ್ರಿಜ್ಜೇ ನಂಗ್ ಮೋಸ ಮಾಡಿತ್" ಎಂದಳು. ನಾನು ಊಟಕ್ಕೆ ನಿಲ್ಲದೆ ಹೊರಟೆ.

ನಿವೃತ್ತಿಯಾಗಿ ಒಂದು ವರ್ಷಕ್ಕೆ, ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವಳು ಏಳಲಿಲ್ಲ. ಹೃದಯ ನಿಂತಿತ್ತು ಎಂದರು.

ಕರ್ಮಾಂತರವೆಲ್ಲ ಮುಗಿದ ಮೇಲೆ ಲ್ಯಾಬಿನಿಂದ ಫೋನು ಬಂತು. ಅಕ್ಕನ ಕೆಲವು ಸಾಮಾನು ಇಲ್ಲೇ ಉಳಿದಿವೆ, ಒಯ್ಯಬೇಕು ಎಂದು. ಮಾತಾಡಿದವಳು ಈಗ ಅಕ್ಕನ ಜಾಗದಲ್ಲಿರುವವಳು, ಅಕ್ಕ ಕೈಹಿಡಿದು ಕೆಲಸ ಕಲಿಸಿದವಳು. ಅವಳಿಗೂ ಈಗ ನಲವತ್ತು ದಾಟಿದೆ. ಹೋದೆ. ಒಂದು ಕೊಡೆ, ಸ್ಟೀಲಿನ ಬುತ್ತಿ, ಹಿಡಿಯಿರುವ ಭೂತಗನ್ನಡಿ ಚೀಲದಲ್ಲಿಟ್ಟು ಕೊಟ್ಟಳು. ಹೊರಡುವಾಗ ಅವಳು ಫ್ರಿಜ್ಜಿನ ಬಾಗಿಲು ತೆರೆದು, ಒಂದು ಶೀಷೆ ತೆಗೆದು, ಓರೆ ಮಾಡಿ ನೋಡಿ ಒಳಗಿಟ್ಟಳು. ನೀಲಿ ನೀರು.

"ಇದ್ ಇನ್ನೂ ಇತ್ತಾ?" ಎಂದೆ.

"ಅಕ್ಕ ಇಟ್ಟದ್ದಲ್ದಾ. ದಿನಾ ಕಾಂತೆ. ಎಂಟ್ ವರ್ಷ ಆಯ್ತ್, ಒಂದಿನವೂ ಗಟ್ಟಿ ಆಯ್ಲಿಲ್ಲೆ."

"ಆತಿಲ್ಲೆ. ಆ ಫ್ರಿಜ್ಜಿಂದ್ ತಪ್ಪೇ ಇಲ್ಲೆ" ಎಂದೆ. ಆಮೇಲೆ ಕೂತು ಎಲ್ಲ ಹೇಳಿದೆ. ಬಿಸಿಲು, ಅಂಜಲ್, ಉಪ್ಪು, ತೆಕ್ಕಟ್ಟೆಯಲ್ಲಿ ಅಂಗೈಯಲ್ಲಿಟ್ಟು ಉಜ್ಜಿದ್ದು, ಎರಡು ಸಲ ಇಲ್ಲೆ ಎಂದದ್ದು.

ಅವಳು ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ. ಹೇಳಲಿಲ್ಲ.

"ಆ ಗಂಡ ಬಂದ್ ಕೂಗಾಡ್ದಾಗ ಅಕ್ಕ ಇಗಾ, ಇಲ್ಲೇ ನಿಂತಿದ್ರ್. ನಾನ್ ಪಕ್ಕದಗೆ ಇದ್ದೆ" ಎಂದಳು. "ಅದೇ ವಾರ ನೀವ್ ಮೆಟ್ಲ್ ಹತ್ತಿ ಬಂದ್, ಮೀನ್ ಕೊಟ್ಟ್, ನಗಾಡ್ಕಂಡ್ ಹೋಯ್ದ್ರಿ."

ಹೌದು ಎಂದೆ.

ಅವಳು ಕಪಾಟಿನಿಂದ ಕಂದು ಹೊದಿಕೆಯ ಪುಸ್ತಕ ತಂದು, ಹುಡುಕಿ, ಆ ದಿನದ ಪುಟ ತೆರೆದು ನನ್ನ ಎದುರಿಟ್ಟಳು. ಅಕ್ಕನ ದುಂಡು ಅಕ್ಷರ. ಬೇರೆ ಎಲ್ಲ ತಪ್ಪುಗಳಿಗೂ ಕಾರಣದ ಮನೆಯಲ್ಲಿ ಒಂದೊಂದು ಸಾಲು. ಇಲ್ಲಿ ಮಾತ್ರ ಬರೆದು ಹೊಡೆದು, ಬರೆದು ಹೊಡೆದು ಮಾಡಿದ್ದಳು. "ಫ್ರಿಜ್?" ಹೊಡೆದಿತ್ತು. "ಕರೆಂಟು?" ಹೊಡೆದಿತ್ತು. "ಕಂಪೆನಿ?" ಹೊಡೆದಿತ್ತು. "ನಾನು ಫ್ರೀಜರಿನಲ್ಲಿಟ್ಟೆನೇ?" ಇದನ್ನು ಹೊಡೆದಿರಲಿಲ್ಲ. ಎಲ್ಲಕ್ಕಿಂತ ಮೇಲೆ, ಮೊದಲು ಬರೆದು ಮೊದಲು ಹೊಡೆದದ್ದು ಹೀಗಿತ್ತು: "ದಾರಿಯಲ್ಲಿ? ಇಲ್ಲ. ತಮ್ಮನನ್ನು ಕೇಳಿದ್ದೇನೆ."

ಪಕ್ಕದ "ಇನ್ನು ಮುಂದೆ" ಎಂಬ ಮನೆಯಲ್ಲಿ ಎರಡು ಸಾಲು. "ಎಷ್ಟೇ ತಡವಾದರೂ ಸಾಕ್ಷಿ ಇಡದೆ ನೋಡಬಾರದು." ಅದರ ಕೆಳಗೆ: "ತಮ್ಮನಿಗೆ ಫೋನು ಮಾಡಿ ಅವಸರ ಮಾಡಿಸಬಾರದು."

ಐದು ಕಾಲ್ ಮಾಡಿದ್ದಳಲ್ಲ. ಅದನ್ನೂ ತನ್ನ ತಪ್ಪಿನ ಲೆಕ್ಕಕ್ಕೆ ಹಾಕಿಕೊಂಡಿದ್ದಳು.

ಲ್ಯಾಬಿನವಳು ಪೆನ್ನು ಮುಂದಿಟ್ಟಳು. "ಆ ಮನಿ ಖಾಲಿ ಬಿಡೂಕಾಗ ಅಂದೇಳಿ ಅಕ್ಕನೇ ಹೇಳಿದ್. ನೀವೇ ಬರ್ದ್ ಹಾಕಿ."

"ನನ್ ಅಕ್ಷರ ಲಾಯ್ಕ್ ಇಲ್ಲೆ."

"ಅಕ್ಷರ ಯಾರ್ ಕೇಳ್ತ್ರ್?" ಎಂದಳು. ಆಮೇಲೆ ಸ್ವಲ್ಪ ಮೆತ್ತಗೆ, "ಆ ನೀಲಿ ನೀರ್ ಇರ್ಲಿ ಅಣ್ಣಾ. ಈ ಫ್ರಿಜ್ ಇಲ್ಲಿವರಿಗೆ ತಪ್ಪ್ ಮಾಡ್ಲಿಲ್ಲೆ ಅಷ್ಟೇ. ನಾಳಿದ್ ಯಾರಿಗ್ ಗೊತ್ತಿತ್ತ್?" ಎಂದು ತನ್ನ ಗಾಜು ತೂಗಲು ಹೋದಳು.

ಕಾಗದದ ಮೇಲೆ ಬರೆದು ಎಷ್ಟೋ ಕಾಲವಾಗಿತ್ತು. ಅಕ್ಕ ಹೊಡೆಯದೆ ಬಿಟ್ಟಿದ್ದ ಆ ಒಂದು ಸಾಲನ್ನು ಮೊದಲು ಹೊಡೆದೆ. ಕೆಳಗೆ ಬರೆದೆ: "ಉಪ್ಪು ಬೆರೆಸಿದ ಐಸಿನಲ್ಲಿ ಹೂತದ್ದು ನಾನು. ಕೇಳಿದಾಗ ಇಲ್ಲ ಎಂದದ್ದೂ ನಾನು." ನನ್ನದು ಏಳನೇ ಕ್ಲಾಸಿನ ದೊಡ್ಡ ಅಕ್ಷರ. ಕಾರಣದ ಮನೆ ಸಾಲಲಿಲ್ಲ. ಗೀಟು ದಾಟಿ ಪಕ್ಕದ ಮನೆಯೊಳಗೆ ಹೋಗಿ, "ತಮ್ಮನಿಗೆ" ಎಂದು ಅವಳು ಬರೆದದ್ದಕ್ಕೆ ತಾಗಿ ನಿಂತಿತು.